ಆನಂದಪುರದ ದಾರಿಯಲ್ಲಿ

ಧರ್ಮಪ್ರಚಾರಕರ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಒಂದೋ ಅವರ ಭಕ್ತರು, ಇಲ್ಲವೇ ಅವರ ವಿರೋಧಿಗಳು. ಸ್ತುತಿ ನಿಂದೆಗಳೆರಡರಿಂದಲೂ ದಣಿದ ಸಾಮಾನ್ಯ ಓದುಗನಿಗೆ ಉಳಿಯುವ ಉಪಾಯವೆಂದರೆ ಅವರು ನಡೆದಾಡಿದ ಊರುಗಳನ್ನು ತಾನೇ ಹೋಗಿ ಕಣ್ಣಾರೆ ಕಂಡುಬರುವುದು. ಈ ಯೋಚನೆಯಿಂದಲೇ ನಾನು ಒಂದು ವರ್ಷ ಜನವರಿಯ ಚಳಿಯಲ್ಲಿ, ಕೊಡಗಿನ ತೋಟಗಳಲ್ಲೆಲ್ಲ ಕಾಫಿ ಕೊಯ್ಲು ನಡೆಯುತ್ತಿದ್ದ ಕಾಲದಲ್ಲಿ, ಮಂಗಳೂರಿನ ಬಲ್ಮಠದಿಂದ ಹೊರಟು ಸಿದ್ದಾಪುರದ ಸಮೀಪದಲ್ಲಿರುವ ಆನಂದಪುರವೆಂಬ ಪುಟ್ಟ ಊರಿನವರೆಗೆ ಪ್ರಯಾಣಮಾಡಿದೆನು. ಪ್ರಸಿದ್ಧ ಯಾತ್ರಾಸ್ಥಳವಾಗಲಿ ಪ್ರೇಕ್ಷಣೀಯ ಸ್ಥಳವಾಗಲಿ ಅಲ್ಲದ ಈ ಊರಿಗೆ ಏಕೆ ಹೊರಟಿರಿ ಎಂದು ಕೇಳಿದ ಮಿತ್ರರಿಗೆ, ಬಹುಪಾಲು ಜನ ಬೇಡವೆಂದು ತಿರಸ್ಕರಿಸಿದ ಮಾತೊಂದು ಕಡೆಗೆ ಎಲ್ಲಿ ನೆಲೆನಿಂತಿತೆಂಬುದನ್ನು ನೋಡಬೇಕಾಗಿದೆ ಎಂದು ಉತ್ತರಕೊಟ್ಟೆ. ಉತ್ತರ ಅವರಿಗೆ ತೃಪ್ತಿಕರವಾಗಲಿಲ್ಲ.

ಬಲ್ಮಠದ ಗುಡ್ಡ ಈಗ ನಗರದ ನಡುಮಧ್ಯದಲ್ಲಿದೆ. ಸುತ್ತ ಅಂಗಡಿಗಳು, ಆಸ್ಪತ್ರೆಗಳು, ವಾಹನಗಳ ಗದ್ದಲ. ಆದರೆ ದೈವಜ್ಞಾನ ಕಾಲೇಜಿನ ಆವರಣವನ್ನು ಹೊಕ್ಕೊಡನೆ ಗದ್ದಲ ಹಿಂದೆ ಬಿದ್ದು, ಹಳೆಯ ಮರಗಳ ನೆರಳು ಎದುರಾಗುತ್ತದೆ. ಈ ಆವರಣದ ಕತೆ ಮಿಶನರಿಗಳ ಕತೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಸಂಸ್ಥೆ ಕಳುಹಿಸಿದ ಮೊದಲ ಮೂವರು ಪಾದ್ರಿಗಳು, ಹೆಬಿಕ್, ಲೇನರ್, ಗ್ರೈನರ್ ಎಂಬವರು, ಮಂಗಳೂರನ್ನು ಸೇರಿದ್ದು 1834ರ ಅಕ್ಟೋಬರಿನಲ್ಲಿ. ಅದರ ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಪಾರ್ಲಿಮೆಂಟು ಈಸ್ಟ್ ಇಂಡಿಯಾ ಕಂಪನಿಯ ಸನ್ನದನ್ನು ನವೀಕರಿಸುವಾಗ ಅನ್ಯದೇಶೀಯ ಮಿಶನರಿಗಳಿಗೂ ಹಿಂದೂಸ್ಥಾನದ ಬಾಗಿಲನ್ನು ತೆರೆದಿತ್ತು. ಇವರು ಬಂದಿಳಿಯುವುದಕ್ಕೆ ಆರು ತಿಂಗಳ ಮೊದಲು ಅದೇ ಕಂಪನಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತನನ್ನಾಗಿ ಮಾಡಿ ಆ ರಾಜ್ಯವನ್ನು ತನ್ನದಾಗಿಸಿಕೊಂಡಿತ್ತು. ಪಾದ್ರಿಗಳ ಆಗಮನಕ್ಕೂ ಕೊಡಗಿನ ಪತನಕ್ಕೂ ಕಾರ್ಯಕಾರಣ ಸಂಬಂಧವಿಲ್ಲ. ಆದರೂ ಕರಾವಳಿಯ ರೈತನ ಕಣ್ಣಿಗೆ ಖಡ್ಗ ಹಿಡಿದು ಬಂದ ಬಿಳಿಯನೂ ಗ್ರಂಥ ಹಿಡಿದು ಬಂದ ಬಿಳಿಯನೂ ಒಂದೇ ಮನೆಯ ಅಣ್ಣತಮ್ಮಂದಿರಂತೆ ಕಂಡಿದ್ದರೆ ಅದರಲ್ಲಿ ಆಶ್ಚರ್ಯವೇನಿದೆ? ಬಂದವರು ಇಂಗ್ಲಿಷರಲ್ಲ, ಜರ್ಮನ್ ನಾಡಿನವರು ಎಂಬ ಭೇದವನ್ನು ಅವನಿಗೆ ವಿವರಿಸಿ ಹೇಳುವವರಾದರೂ ಯಾರಿದ್ದರು?

1836ರಲ್ಲಿ ಇವರನ್ನು ಕೂಡಿಕೊಂಡವರು ಹರ್ಮನ್ ಮೋಗ್ಲಿಂಗ್. ವುರ್ಟೆಂಬರ್ಗ್ ಸೀಮೆಯಲ್ಲಿ ಹುಟ್ಟಿ, ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ದೇವತಾಶಾಸ್ತ್ರವನ್ನು ವ್ಯಾಸಂಗಮಾಡಿದ ಈ ತರುಣ, ಕ್ರಿಸ್ತನ ಸುವಾರ್ತೆಯನ್ನು ಸಾರುವುದಕ್ಕೆಂದು ಬಂದು, ಸಾರಬೇಕಾದರೆ ಮೊದಲು ಈ ಜನದ ಮಾತನ್ನು ಕಲಿಯಬೇಕೆಂದು ಮನಗಂಡು, ಕಲಿತ ಮಾತಿನ ಮೇಲೆ ಅನುರಕ್ತನಾಗಿಬಿಟ್ಟನು. 1843ರ ಜುಲೈ 1ರಂದು ಅವರು ಹೊರಡಿಸಿದ ‘ಮಂಗಳೂರ ಸಮಾಚಾರ’ ಕನ್ನಡದ ಮೊಟ್ಟಮೊದಲನೆಯ ವೃತ್ತಪತ್ರಿಕೆ. ನಾಲ್ಕು ಪುಟದ ಈ ಪಾಕ್ಷಿಕದ ಬೆಲೆ ಒಂದು ದುಡ್ಡು. ಅದರ ಒಂದು ಹಾಳೆಯ ಪ್ರತಿಯನ್ನು ನಾನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಕಲ್ಲಚ್ಚಿನ ಮುದ್ರಣವಾದುದರಿಂದ ಅಕ್ಷರಗಳು ಎರಕದ ಮೊಳೆಗಳಂತೆ ಬಿಗಿದು ನಿಂತಿರದೆ, ಬರೆದವನ ಕೈಯ ಏರಿಳಿತವನ್ನೆಲ್ಲ ಉಳಿಸಿಕೊಂಡಿವೆ. ಸಾಲಿನ ಕೊನೆಯಲ್ಲಿ ಸ್ಥಳ ಸಾಲದೆ ಬಂದ ಕಡೆ ಅಕ್ಷರಗಳು ಒಂದನ್ನೊಂದು ಒತ್ತರಿಸಿ ಕುಳಿತಿವೆ. ಪರದೇಶದ ಪಾದ್ರಿಯೊಬ್ಬನ ಉತ್ಸಾಹವೂ ಊರಿನ ಲಿಪಿಕಾರನೊಬ್ಬನ ಶ್ರಮವೂ ಆ ಹಾಳೆಯಲ್ಲಿ ಜೊತೆಗೂಡಿವೆ. ಪಾದ್ರಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ಜುಲೈ ಒಂದನೆಯ ತಾರೀಕನ್ನು ನಾವು ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಲಿಪಿಕಾರನ ಹೆಸರನ್ನು ಕೇಳಿದವರಿಲ್ಲ.

ಇದೇ ಮೋಗ್ಲಿಂಗರು ಮುಂದೆ ‘ಬಿಬ್ಲಿಯೋಥಿಕಾ ಕರ್ನಾಟಿಕಾ’ ಎಂಬ ಮಾಲೆಯಲ್ಲಿ ಜೈಮಿನಿ ಭಾರತ, ಬಸವಪುರಾಣ ಮೊದಲಾದ ಕಾವ್ಯಗಳನ್ನೂ ಪುರಂದರಾದಿ ಹರಿದಾಸರ ಪದಗಳನ್ನೂ ಅಚ್ಚುಹಾಕಿಸಿದರು. ತಾನು ಸಾರಲು ಬಂದ ಮತವನ್ನು ಒಪ್ಪದ ಜನದ ಭಕ್ತಿಗೀತೆಗಳನ್ನು ಓಲೆಗರಿಯಿಂದ ಕಾಗದಕ್ಕೆ ತಂದು ಅದೇ ಜನದ ಕೈಗಿತ್ತ ಈ ವಿಚಿತ್ರ ಔದಾರ್ಯವನ್ನು ಮಿಶನಿನ ಹಿರಿಯರು ಹೇಗೆ ಕಂಡರೋ. ನಮ್ಮ ಸಾಹಿತ್ಯ ಚರಿತ್ರೆಯಂತೂ ಕೃತಜ್ಞತೆಯಿಂದ ಕಂಡಿದೆ.

ಆದರೆ ಬಲ್ಮಠದ ಕತೆಯಲ್ಲಿ ನನ್ನನ್ನು ಹೆಚ್ಚು ಹೊತ್ತು ತಡೆದು ನಿಲ್ಲಿಸಿದುದು ಪತ್ರಿಕೆಯಲ್ಲ, 1844ರ ಜನವರಿಯಲ್ಲಿ ನಡೆದ ಒಂದು ದೀಕ್ಷಾಸ್ನಾನ. ಮಿಶನಿನ ಇಂಗ್ಲಿಷ್ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಇನ್ನಿಬ್ಬರೊಡನೆ ಕ್ರಿಸ್ತನನ್ನು ಒಪ್ಪಿಕೊಂಡದ್ದೇ ತಡ, ಪಟ್ಟಣಕ್ಕೆ ಪಟ್ಟಣವೇ ಕೆರಳಿ ನಿಂತಿತು. ಶಾಲೆಗಳಿಂದ ಮಕ್ಕಳನ್ನು ಬಿಡಿಸಿದರು. ಪಾದ್ರಿಗಳ ಮೇಲೆ ಜನರ ಕೋಪ ಹರಿಯಿತು. ಪಾದ್ರಿಗಳಿಗೇನು, ಕೋಪ ತಣಿಯುವವರೆಗೆ ಬಂಗಲೆಯ ಬಾಗಿಲು ಹಾಕಿಕೊಂಡು ಪ್ರಾರ್ಥನೆಮಾಡಿದರಾಯಿತು. ಬಾಸೆಲಿನಲ್ಲಿ ಅವರ ಮನೆ ಇದ್ದೇ ಇತ್ತು. ಹದಿನೆಂಟು ಹತ್ತೊಂಬತ್ತರ ಪ್ರಾಯದ ಆನಂದರಾಯನ ಪಾಲಿಗೆ ಮಾತ್ರ ಹುಟ್ಟಿದ ಮನೆ, ಕೂಡಿ ಉಣ್ಣುವ ಪಂಕ್ತಿ, ಬಂಧುಬಳಗ ಎಲ್ಲವೂ ಒಂದೇ ದಿನದಲ್ಲಿ ಮುಚ್ಚಿಹೋದುವು. ಅವನು ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿ ಬಂದು, 1893ರಲ್ಲಿ ತೀರಿಕೊಳ್ಳುವವರೆಗೂ ತನ್ನನ್ನು ಹೊರಗಿಟ್ಟ ನಾಡಿನಲ್ಲಿಯೇ ದುಡಿದನು. ತಿರಸ್ಕಾರದ ನಡುವೆ ನಿಷ್ಠೆ ಎಂದು ಮಿಶನಿನ ವರದಿಗಳು ಯಾವುದನ್ನು ಕರೆಯುತ್ತವೆಯೋ ಅದರ ಬೆಲೆಯನ್ನು ಹೆಚ್ಚಾಗಿ ತೆತ್ತವರು ವರದಿ ಬರೆದವರಲ್ಲ, ಇಂಥವರು ಎಂಬುದು ನನಗೆ ಅಲ್ಲಿಯೇ ಹೊಳೆಯತೊಡಗಿತು. ಮತಾಂತರಗೊಂಡು ಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ಅನ್ನದ ದಾರಿಯಾಗಲೆಂದು ಮಿಶನ್ ನೇಯ್ಗೆಯ ಕಾರ್ಖಾನೆಯನ್ನೂ 1865ರಲ್ಲಿ ಹೆಂಚಿನ ಕಾರ್ಖಾನೆಯನ್ನೂ ತೆರೆಯಿತು. ಪಶ್ಚಿಮ ಕರಾವಳಿಯ ಮನೆಗಳ ಮೇಲೆ ಕೂತ ಮಂಗಳೂರು ಹೆಂಚು, ಮನೆಯಿಂದ ಹೊರಹಾಕಲ್ಪಟ್ಟವರ ಕೈಯಿಂದ ಬಂದ ವಸ್ತು ಎಂಬುದನ್ನು ಅದರ ಕೆಳಗೆ ಮಲಗಿದ ನಾವು ನೆನೆಯುವುದು ಅಪೂರ್ವ.

ಮಂಗಳೂರಿನಿಂದ ಮಡಿಕೇರಿಗೆ ಹೋಗುವ ಬಸ್ಸು ನೇತ್ರಾವತಿಯ ಬಯಲನ್ನು ಬಿಟ್ಟು, ಪುತ್ತೂರು ದಾಟಿ, ಅಡಕೆ ತೋಟಗಳ ನಡುವೆ ಸುಳ್ಯವನ್ನು ಸೇರುತ್ತದೆ. ಸುಳ್ಯದ ಹೆಸರು ಬಂದ ಕೂಡಲೇ 1837 ನೆನಪಾಗದೆ ಇರಲಾರದು. ಆ ವರ್ಷ ಕಂಪನಿಯ ಕಂದಾಯ ನೀತಿಗೆ ರೋಸಿಹೋದ ಅಮರಸುಳ್ಯದ ರೈತರು ಕಲ್ಯಾಣಸ್ವಾಮಿ ಎಂಬ ನಾಯಕನ ಹೆಸರಿನಲ್ಲಿ ದಂಡುಕಟ್ಟಿ, ಈಗ ನಮ್ಮ ಬಸ್ಸು ಹತ್ತಿಬಂದ ಸೀಮೆಯನ್ನೇ ಇಳಿದು ಮಂಗಳೂರನ್ನು ಹಿಡಿದರು. ಕೆಲವು ದಿನ ತಾವೇ ಆಳಿದರು. ಆಮೇಲೆ ಸೇನೆ ಬಂತು, ಗಲ್ಲುಗಳು ಎದ್ದುವು. ಆ ಗಲ್ಲುಗಳ ನೆನಪು ಹಸಿಯಾಗಿದ್ದಾಗಲೇ ಇದೇ ಊರುಗಳ ಸಂತೆಯಲ್ಲಿ, ಜಾತ್ರೆಯಲ್ಲಿ, ಮರದ ಬುಡದಲ್ಲಿ ಬಿಳಿಯ ಮುಖದವರು ನಿಂತು ಪಾಪ, ಪಶ್ಚಾತ್ತಾಪ, ರಕ್ಷಣೆ ಎಂದು ಬೋಧಿಸಿದರು. ಕಣ್ಣೂರಿನ ಕಡೆಗೆ ಹೋದ ಹೆಬಿಕ್ ಪಾದ್ರಿಗಳು ದೇವಸ್ಥಾನದ ಉತ್ಸವಗಳಲ್ಲಿಯೇ ನಿಂತು ಘೋಷಿಸುತ್ತಿದ್ದರೆಂದೂ, ಜನ ಮಣ್ಣು ಕಲ್ಲುಗಳನ್ನು ಎರಚಿದರೂ ಕದಲುತ್ತಿರಲಿಲ್ಲವೆಂದೂ ಅವರ ಜೀವನಕಥೆ ಹೊಗಳುತ್ತದೆ. ಅವರ ಧೈರ್ಯದಲ್ಲಿ ನನಗೆ ಸಂದೇಹವಿಲ್ಲ. ಆದರೆ ಕಲ್ಲೆಸೆದವನ ಪಕ್ಷವನ್ನೂ ಒಂದು ಕ್ಷಣ ವಹಿಸಿ ನೋಡುವುದು ನ್ಯಾಯ. ವರ್ಷಕ್ಕೊಮ್ಮೆ ಬರುವ ತನ್ನ ದೇವರ ತೇರಿನ ದಿನ, ತನ್ನ ಅಂಗಳದಲ್ಲಿಯೇ ನಿಂತು, ಈ ದೇವರು ಸುಳ್ಳು ಎಂದವನಿಗೆ ಅವನು ಹೂಮಾಲೆ ಹಾಕಬೇಕಾಗಿತ್ತೇ? ಸುವಾರ್ತೆಯ ತಿರಸ್ಕಾರವೆಂದು ದಾಖಲಾದುದರಲ್ಲಿ ಎಷ್ಟು ಪಾಲು ಸುವಾರ್ತೆಯದು, ಎಷ್ಟು ಪಾಲು ಅದನ್ನು ಸಾರಿದ ರೀತಿಯದು, ಎಷ್ಟು ಪಾಲು ಸಾರಿದವನ ಚರ್ಮದ ಬಣ್ಣದ್ದು ಎಂದು ಬೇರ್ಪಡಿಸಿ ತೂಗುವ ತಕ್ಕಡಿ ಚರಿತ್ರೆಯ ಬಳಿ ಇಲ್ಲ.

ಸಂಪಾಜೆಯಿಂದ ಘಾಟಿ ಪ್ರಾರಂಭ. 2018ರ ಆಗಸ್ಟಿನ ಮಳೆಗೆ ಜೋಡುಪಾಲದ ಬಳಿ ಗುಡ್ಡ ಜಾರಿ ಮನೆ ಮಠಗಳನ್ನು ನುಂಗಿದ ಗುರುತು ದಾರಿಯಲ್ಲಿ ಇನ್ನೂ ಕಾಣುತ್ತದೆ. ತಿರುವು ತಿರುವಿಗೂ ಸೆಕೆ ಕಡಿಮೆಯಾಗಿ, ತೆಂಗು ಅಡಕೆಗಳು ಹಿಂದುಳಿದು, ಕಾಡು ಮುಂದೆ ಬರುತ್ತದೆ. 1853ರಲ್ಲಿ ಮೋಗ್ಲಿಂಗರು ಕೊಡಗಿಗೆ ಹತ್ತಿದರು. ಅವರಾಗಿ ಹತ್ತಿದರೆನ್ನುವುದಕ್ಕಿಂತ, ಅಲ್ಮಂಡ ಸೋಮಯ್ಯ ಎಂಬ ಕೊಡವರು ಅವರನ್ನು ಕರೆತಂದರೆನ್ನುವುದು ಹೆಚ್ಚು ಸರಿ. ಮನಶ್ಶಾಂತಿಯನ್ನು ಅರಸುತ್ತ ಘಟ್ಟವಿಳಿದು ಮಂಗಳೂರಿಗೆ ಬಂದ ಸೋಮಯ್ಯನವರು ಅಲ್ಲಿ ಮೋಗ್ಲಿಂಗರನ್ನು ಕಂಡು, ಕ್ರಿಸ್ತನನ್ನು ನಂಬಿ, ಸ್ತೆಫಾನನೆಂಬ ಹೆಸರನ್ನು ಪಡೆದರು. ಚಿಕ್ಕವೀರರಾಜೇಂದ್ರನ ಮಗಳು ಗೌರಮ್ಮ ವಿಲಾಯತಿಯಲ್ಲಿ ಸ್ವತಃ ವಿಕ್ಟೋರಿಯಾ ರಾಣಿಯನ್ನೇ ಧರ್ಮಮಾತೆಯನ್ನಾಗಿ ಪಡೆದು ದೀಕ್ಷಾಸ್ನಾನ ಹೊಂದಿದ್ದು ಸರಿಸುಮಾರು ಆ ಕಾಲದಲ್ಲಿಯೇ, 1852ರಲ್ಲಿ. ಒಂದೇ ನಾಡಿನ ಇಬ್ಬರು, ಒಂದೇ ಸಂಸ್ಕಾರ. ಅರಸುಮಗಳಿಗೆ ಅದು ಅರಮನೆಯ ಸಮಾರಂಭವಾಯಿತು, ರೈತನಿಗೆ ಬಹಿಷ್ಕಾರವಾಯಿತು. ಗೌರಮ್ಮನ ಬಾಳು ಅದರಿಂದ ಸುಖವಾಯಿತೆಂದಲ್ಲ. ಅದು ಬೇರೆಯ ದುಃಖದ ಕತೆ.

ಮಡಿಕೇರಿಯಲ್ಲಿ ಬಸ್ಸು ಬದಲಾಯಿಸಿ ಸಿದ್ದಾಪುರದ ಕಡೆಗೆ ಹೊರಟಾಗ ನನ್ನ ಪಕ್ಕದಲ್ಲಿ ಕುಳಿತವರು ಒಬ್ಬ ವೃದ್ಧ ಕೊಡವರು. ಸೇನೆಯಿಂದ ನಿವೃತ್ತರಾದವರೆಂಬುದನ್ನು ಬೆನ್ನಿನ ನೇರವೇ ಹೇಳುತ್ತಿತ್ತು. ನಾನು ಹೋಗುವ ಸ್ಥಳವನ್ನು ಕೇಳಿ ತಿಳಿದು, ಸ್ವಲ್ಪ ಹೊತ್ತು ಮೌನವಾಗಿದ್ದು, ಆಮೇಲೆ ತಾವಾಗಿಯೇ ಹೇಳಿದರು: “ಪಾದ್ರಿಗಳು ಒಳ್ಳೆಯವರೇ ಇದ್ದರಂತೆ. ನಮ್ಮವರು ಅವರನ್ನು ಜಗಲಿಗೆ ಕರೆದು ಕೂರಿಸಿದರು, ಮಾತು ಕೇಳಿದರು, ಮಕ್ಕಳನ್ನು ಅವರ ಶಾಲೆಗೆ ಹಾಕಿದರು. ಆದರೆ ನೋಡಿ, ಹಿರಿಯರ ಐನ್‌ಮನೆಯ ನಡುಮನೆಯಲ್ಲಿ, ನೆಲ್ಲಕ್ಕಿಯಲ್ಲಿ, ಮೂಲಪುರುಷರಾದ ಗುರುಕಾರೋಣರಿಗೆ ಹಚ್ಚಿದ ದೀಪ ಇದೆಯಲ್ಲ, ಅದನ್ನು ಬಿಡಿ ಎಂದರೆ ಕೊಡವ ಬಿಟ್ಟಾನೆಯೇ? ಅದನ್ನು ಬಿಟ್ಟರೆ ಅವನಿಗೆ ತನ್ನ ಕುಲದ ಒಕ್ಕ ಎಲ್ಲಿ, ಊರೆಲ್ಲಿ?”

ಕೊಡಗಿನಲ್ಲಿ ಸುವಾರ್ತೆಗೆ ದೊರೆತ ಉತ್ತರವನ್ನು ಇದಕ್ಕಿಂತ ಸಂಕ್ಷೇಪವಾಗಿ ಯಾವ ಗ್ರಂಥದಲ್ಲಿಯೂ ನಾನು ಓದಿಲ್ಲ. ಮಡಿಕೇರಿಯ ಸೆಂಟ್ರಲ್ ಸ್ಕೂಲನ್ನು ನಡೆಸಿದ ಜಾರ್ಜ್ ರಿಕ್ಟರ್ ಪಾದ್ರಿಗಳು ಕೊಡವರ ಪೀಳಿಗೆಗಳಿಗೆ ಅಕ್ಷರ ಕಲಿಸಿದರು, 1870ರಲ್ಲಿ ಕೊಡಗಿನ ವಿಸ್ತಾರವಾದ ಕೈಪಿಡಿಯನ್ನು ಬರೆದರು. ವಿದ್ಯೆಯನ್ನು ಎರಡೂ ಕೈಗಳಿಂದ ತೆಗೆದುಕೊಂಡ ಜನ ಮತವನ್ನು ನಯವಾಗಿ ನಿರಾಕರಿಸಿದರು. ಕಲ್ಲೆಸೆತಕ್ಕಿಂತ ಇಂಥ ನಯವಾದ ನಿರಾಕರಣೆಯನ್ನು ಸಹಿಸುವುದೇ ಪ್ರಚಾರಕನಿಗೆ ಕಷ್ಟವಾಗಿದ್ದಿರಬೇಕೆಂದು ನನ್ನ ಊಹೆ. ಕಲ್ಲು ಬಿದ್ದಾಗ ಸಂತ ಸ್ತೆಫಾನನ ನೆನಪು ಬೆಂಬಲಕ್ಕಿರುತ್ತದೆ. ಆತಿಥ್ಯ ನೀಡಿ, ಮಕ್ಕಳನ್ನು ಶಾಲೆಗೆ ಕಳುಹಿಸಿ, ಬೋಧನೆ ಮುಗಿದೊಡನೆ ಬೇರೆ ಮಾತೆತ್ತುವವನ ಎದುರಿಗೆ ಏನು ಮಾಡುವುದು? ಒಪ್ಪದ ಊರಿನ ಧೂಳನ್ನು ಕಾಲಿನಿಂದ ಝಾಡಿಸಿ ಮುಂದೆ ಹೋಗಿರೆಂದು ಯೇಸು ಶಿಷ್ಯರಿಗೆ ಹೇಳಿದ್ದುಂಟು. ರಿಕ್ಟರರಂಥವರು ಧೂಳನ್ನು ಝಾಡಿಸಲಿಲ್ಲ, ಬಿಟ್ಟು ಹೋಗಲಿಲ್ಲ, ಒಪ್ಪದವರ ಮಕ್ಕಳಿಗೆ ಪಾಠ ಹೇಳುತ್ತ ಆ ಊರಿನಲ್ಲಿಯೇ ಮುದುಕರಾದರು. ಗ್ರಂಥದ ಅಕ್ಷರವನ್ನು ಮೀರಿದ ಈ ನಡತೆ ನನಗೆ ಹೆಬಿಕರ ಕೆಚ್ಚಿಗಿಂತ ದೊಡ್ಡದಾಗಿ ಕಾಣುತ್ತದೆ.

ಸಿದ್ದಾಪುರದಲ್ಲಿ ಬಸ್ಸಿಳಿದು ರಿಕ್ಷಾದಲ್ಲಿ ಆನಂದಪುರವನ್ನು ಸೇರಿದಾಗ ಬಿಸಿಲೇರಿತ್ತು. ರಸ್ತೆಯ ಎರಡು ಕಡೆಗೂ ರೊಬಸ್ಟಾ ಕಾಫಿಯ ತೋಟ, ಮೇಲೆ ನೆರಳಿನ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಹಣ್ಣು ಕೊಯ್ಯುವ ಹೆಂಗಸರ ಮಾತು ಗಿಡಗಳೊಳಗಿಂದ ಕೇಳಿಬರುತ್ತಿತ್ತೇ ಹೊರತು ಮುಖ ಕಾಣುತ್ತಿರಲಿಲ್ಲ. ಮೋಗ್ಲಿಂಗರು ಇಲ್ಲಿ ನೆಲೆಯೂರಿದಾಗ ಅವರ ಬೋಧನೆಯನ್ನು ಕೇಳಲು ಬಂದವರು ಅವರು ನಿರೀಕ್ಷಿಸಿದ್ದ ಕೊಡವ ಗೃಹಸ್ಥರಲ್ಲ, ಆ ಗೃಹಸ್ಥರ ಗದ್ದೆಗಳಲ್ಲಿ ದುಡಿಯುತ್ತಿದ್ದ ಆಳುಗಳು. ಅರಸರ ಕಾಲದಿಂದ ಕೊಡಗಿನಲ್ಲಿ ಭೂಮಿ ಜಮ್ಮದ ಆಳು, ಒಕ್ಕಲು ಜಮ್ಮದ ಆಳು ಎಂದು ಎರಡು ಬಗೆ. ಮೊದಲನೆಯವನು ನೆಲದೊಡನೆ ಕೈಬದಲಾಗುವವನು. ಎರಡನೆಯವನು ಮನೆತನದ ಸ್ವತ್ತು. ದಾಸ್ಯಕ್ಕೆ ಕಾನೂನಿನ ಮನ್ನಣೆ ಇಲ್ಲವೆಂದು ಕಂಪನಿ ಸರಕಾರ 1843ರಲ್ಲಿ ಸಾರಿತು. ಆದರೆ ಕಲ್ಕತ್ತೆಯ ಕಾಗದ ಕೊಡಗಿನ ಗದ್ದೆಯ ಬದುವನ್ನು ತಲಪಲು ಬಹುಕಾಲ ಹಿಡಿಯಿತು. ಆ ಬದುವಿನಲ್ಲಿ ನಿಂತು ಹರಿದ ಬಟ್ಟೆಯಲ್ಲಿ ಕೇಳಿದವರಿಗೆ ಸುವಾರ್ತೆ ಪರಲೋಕದ ವಿಚಾರವಾಗಿ ಮಾತ್ರ ಕೇಳಿಸಿರಲಾರದು. ತನಗೂ ಒಂದು ಆತ್ಮವುಂಟು, ಅದಕ್ಕೊಂದು ಹೆಸರುಂಟು, ಅದನ್ನು ಕೊಳ್ಳುವ ಮಾರುವ ಅಧಿಕಾರ ಧಣಿಗಿಲ್ಲ ಎಂಬುದು ಅವರ ಪಾಲಿಗೆ ಇಹದ ವಾರ್ತೆಯೇ ಆಗಿತ್ತು. ಆನಂದಪುರ ಅವರ ಊರಾಯಿತು.

ಚರ್ಚಿನ ಬೀಗ ತೆರೆಸುವವರನ್ನು ಕಾಯುತ್ತ ನಾನು ಹತ್ತಿರದ ಒಂದು ಮನೆಯ ಮುಂದೆ ನಿಂತೆ. ಮುದುಕಿಯೊಬ್ಬರು ಕಣದಲ್ಲಿ ಕಾಫಿ ಹಣ್ಣನ್ನು ಹರಡಿ, ಉದ್ದನೆಯ ಹಿಡಿಯ ಮರದ ಹಲಗೆಯಿಂದ ಎಳೆದೆಳೆದು ತಿರುವುತ್ತಿದ್ದರು. ಅಂದು ಹಾಕಿದ ಹಣ್ಣು ಕೆಂಪಗೆ, ವಾರದ ಹಿಂದಿನದು ಕಂದು, ಅಂಚಿನಲ್ಲಿ ರಾಶಿಮಾಡಿದ್ದು ಕಪ್ಪು. ಹಲಗೆ ಸರಿದಾಗ ಒಣಗಿದ ಕಾಯಿ ಮಾತ್ರ ಗಲಗಲ ಸದ್ದುಮಾಡುತ್ತಿತ್ತು, ಹಸಿಯದು ಸುಮ್ಮನೆ ಉರುಳುತ್ತಿತ್ತು. ಹುಳಿಗೂಡಿದ ಸಿಹಿ ವಾಸನೆ ಗಾಳಿಯನ್ನೆಲ್ಲ ತುಂಬಿತ್ತು. ನಾನು ಅಜ್ಜಿಯನ್ನು ಮಾತನಾಡಿಸಿದೆ. ಅವರು ಹಲಗೆಯನ್ನು ಗೋಡೆಗೆ ಒರಗಿಸಿ, ಸೆರಗಿನಿಂದ ಮುಖ ಒರಸಿಕೊಂಡು, ಕುರ್ಚಿ ತರಿಸಿ ಕೂರಿಸಿದರು.

“ನಮ್ಮ ಮುತ್ತಜ್ಜ ಆಳಾಗಿದ್ದನಂತೆ ಸಾರ್. ಹಗಲೆಲ್ಲ ಗದ್ದೆಗೆಲಸ. ಧಣಿಗಳಿಗೆ ಗೊತ್ತಾಗದ ಹಾಗೆ ರಾತ್ರಿ ಪಾದ್ರಿಗಳ ಹತ್ತಿರ ಓದೋಕೆ ಹೋಗ್ತಿದ್ದನಂತೆ. ಗೊತ್ತಾದ ದಿನ ಪೆಟ್ಟು ಬಿತ್ತು. ಮಾರನೇ ರಾತ್ರಿ ಪುನಃ ಹೋದ. ನಮ್ಮ ಅಜ್ಜಿ ಹೇಳುತ್ತಿದ್ದರು.”

“ಅವರ ಹೆಸರು ನಿಮಗೆ ಗೊತ್ತೇ ಅಜ್ಜಿ?”

“ದೀಕ್ಷಾಸ್ನಾನ ಆದ ಮೇಲಿನ ಹೆಸರು ಸಭೆಯ ಪುಸ್ತಕದಲ್ಲಿ ಇದ್ದೀತು. ಅದಕ್ಕೆ ಮುಂಚಿನ ಹೆಸರು ಯಾರಿಗೆ ಗೊತ್ತು?” ಎಂದು ಅವರು ಎದ್ದು ಮತ್ತೆ ಹಲಗೆಯನ್ನು ಕೈಗೆತ್ತಿಕೊಂಡರು. ಮೋಡವಾಗುವ ಮುಂಚೆ ಇನ್ನೊಂದು ಸಲ ತಿರುವಬೇಕಾಗಿತ್ತು.

ಚರ್ಚಿನೊಳಗೆ ನಾನು ಹೆಚ್ಚು ಹೊತ್ತು ಇರಲಿಲ್ಲ. ಶುಭ್ರವಾದ, ಸರಳವಾದ ಕಟ್ಟಡ. ಮೇಜಿನ ಮೇಲೆ ಕನ್ನಡದ ಸತ್ಯವೇದ, ಬೆಂಚುಗಳ ಮೇಲೆ ಹಾಳೆ ಸವೆದ ಸಂಗೀತದ ಪುಸ್ತಕಗಳು. ಜೊತೆಗೆ ಬಂದ ಸಭೆಯ ಹಿರಿಯರು ಮೋಗ್ಲಿಂಗರ ವಿಷಯವಾಗಿ ಬಹಳ ಹೇಳಿದರು. ಮೋಗ್ಲಿಂಗರು ತಮ್ಮ ಬಂಧುವೂ ಸಹೋದ್ಯೋಗಿಯೂ ಆಗಿದ್ದ ವೈಗ್ಲೆ ತೀರಿಕೊಂಡ ಮೇಲೆ ಅವರ ವಿಧವೆ ಪೌಲಿನಾರನ್ನು ವಿವಾಹವಾಗಿ ಈ ಕಾಡುನಾಡಿನಲ್ಲಿ ಸಂಸಾರ ಹೂಡಿದ್ದು, ಟ್ಯೂಬಿಂಗನ್ ವಿಶ್ವವಿದ್ಯಾಲಯ 1858ರಲ್ಲಿ ಅವರ ಕನ್ನಡ ಸೇವೆಗಾಗಿ ಡಾಕ್ಟರ್ ಪದವಿಯನ್ನಿತ್ತದ್ದು, ಪತ್ನಿಯ ಅನಾರೋಗ್ಯದಿಂದ 1860ರಲ್ಲಿ ಸ್ವದೇಶಕ್ಕೆ ಹಿಂದಿರುಗಿದ್ದು, 1881ರಲ್ಲಿ ಎಸ್ಲಿಂಗನ್ನಿನಲ್ಲಿ ಕಾಲವಾದದ್ದು, ಎಲ್ಲವೂ ಅವರಿಗೆ ಕಂಠಸ್ಥ. ಮೋಗ್ಲಿಂಗರ ನಂತರ ಈ ಸಭೆಯ ಹೊಣೆಯನ್ನು ಹೊತ್ತವರಲ್ಲಿ, ಬಲ್ಮಠದಲ್ಲಿ ಮನೆಮಾರು ಕಳೆದುಕೊಂಡ ಅದೇ ಆನಂದರಾವ್ ಕೌಂಡಿನ್ಯರೂ ಒಬ್ಬರು. ಬ್ರಾಹ್ಮಣರ ಪಂಕ್ತಿಯಿಂದ ಹೊರಬಿದ್ದವರೂ ಧಣಿಯ ಹಟ್ಟಿಯಿಂದ ಹೊರಬಿದ್ದವರೂ ಒಂದೇ ರೊಟ್ಟಿಯನ್ನು ಮುರಿದು ತಿಂದ ಸ್ಥಳ ಇದು. ಕರ್ನಾಟಕದಲ್ಲಿ ಆ ಶತಮಾನದ ನಡುವಿನಲ್ಲಿ ಇಂಥ ಪಂಕ್ತಿ ಇನ್ನೆಷ್ಟು ಕಡೆ ನಡೆದಿದ್ದೀತು?

ಮೋಗ್ಲಿಂಗರ ಪೀಳಿಗೆಯ ಹಿಂದೆಯೇ ಬಂದ ಫರ್ಡಿನಂಡ್ ಕಿಟ್ಟೆಲರನ್ನು ಇಲ್ಲಿ ನೆನೆಯದಿರಲಾಗುವುದಿಲ್ಲ. 1853ರಲ್ಲಿ ಬಂದಿಳಿದ ಇವರು ಈ ದೇಶದ ಜನರಂತೆಯೇ ಬಾಳಬೇಕೆಂದು ಹೊರಟು ತಮ್ಮವರ ಅಸಮಾಧಾನಕ್ಕೆ ಗುರಿಯಾದರು. ಸಂತೆಯಲ್ಲಿ ಬೋಧಿಸಿ ಜನರನ್ನು ಸೆಳೆಯುವ ಕಲೆಯಲ್ಲಿ ಅವರಿಗೆ ಹೆಸರು ಬರಲಿಲ್ಲ. ಅತ್ತ ಊರವರು ಅವರ ಮತವನ್ನು ಬೇಡವೆಂದರು, ಇತ್ತ ಸಂಸ್ಥೆಯವರು ಅವರ ರೀತಿಯನ್ನು ಒಪ್ಪಲಿಲ್ಲ. ಅವರು ಮಾಡಿದ್ದೇನು? ಮಂಗಳೂರು, ಮಡಿಕೇರಿ, ಧಾರವಾಡಗಳಲ್ಲಿ ಕುಳಿತು ಹಳಗನ್ನಡದ ಲಾಕ್ಷಣಿಕರಾದ ಕೇಶಿರಾಜನ, ನಾಗವರ್ಮನ ಗ್ರಂಥಗಳನ್ನು ಸಂಪಾದಿಸಿದರು. ಪಂಡಿತರೊಡನೆ ಸೇರಿ ಎಪ್ಪತ್ತು ಸಾವಿರದಷ್ಟು ಶಬ್ದಗಳನ್ನು ಕೂಡಿಹಾಕಿ 1894ರಲ್ಲಿ ನಿಘಂಟನ್ನು ನಮ್ಮ ಕೈಯಲ್ಲಿಟ್ಟರು. ಬೆಂಗಳೂರಿನಲ್ಲಿ ಅವರಿಗೆ ಪ್ರತಿಮೆ ಇದೆ, ಇರತಕ್ಕದ್ದೇ.

ಆದರೆ ಈ ಪ್ರಯಾಣದಿಂದ ನನ್ನಲ್ಲಿ ದೃಢವಾದ ಅಭಿಪ್ರಾಯವನ್ನು ಹೇಳಿಬಿಡುತ್ತೇನೆ. ತಿರಸ್ಕಾರವನ್ನು ಸಹಿಸಿಯೂ ಸೇವೆಯನ್ನು ಬಿಡದವರೆಂದು ನಾವು ಹಾಡಿಹೊಗಳುವ ಪಟ್ಟಿ ಬಹಳ ಗಿಡ್ಡದು, ಮತ್ತು ಅದರಲ್ಲಿ ಎಲ್ಲರೂ ಜರ್ಮನರು. ಸೋಮಯ್ಯನವರಿಗೆ ಒಂದೆರಡು ಸಾಲು, ಕೌಂಡಿನ್ಯರಿಗೆ ಒಂದೆರಡು ಪುಟ. ಪೆಟ್ಟು ತಿಂದ ಮಾರನೆಯ ರಾತ್ರಿ ಪುನಃ ಅಕ್ಷರ ಕಲಿಯಲು ಹೋದ ಆಳಿಗೆ ಏನೂ ಇಲ್ಲ. ಪಾದ್ರಿಗಳು ಬಿಟ್ಟುಬಂದ ಊರು ಸಮುದ್ರದಾಚೆ ಇತ್ತು, ಅಲ್ಲಿಂದ ಕಾಗದ ಬರುತ್ತಿತ್ತು, ಪ್ರಾರ್ಥನೆ ಬರುತ್ತಿತ್ತು, ಹಣ ಬರುತ್ತಿತ್ತು. ಈತ ಬಿಟ್ಟುಬಂದ ಹಟ್ಟಿ ಕೂಗಳತೆಯಲ್ಲಿತ್ತು, ದಿನವೂ ಅದನ್ನು ಹಾದುಹೋಗಬೇಕಾಗಿತ್ತು, ಅಲ್ಲಿಂದ ಬರುತ್ತಿದ್ದುದು ಬೈಗುಳ ಮಾತ್ರ. ತನ್ನ ಸುವಾರ್ತೆಯನ್ನು ಅವನು ಬೋಧಿಸಿದ್ದು ಪ್ರಸಂಗಗಳಿಂದಲ್ಲ, ಅಲ್ಲಿಯೇ ಉಳಿದು ಬದುಕಿ ತೋರಿಸಿದ್ದರಿಂದ.

ಹಳೆಯ ಸಭೆಗಳ ದೀಕ್ಷಾಸ್ನಾನದ ಪುಸ್ತಕಗಳು ಚರ್ಚುಗಳ ಕಪಾಟುಗಳಲ್ಲಿ ಇನ್ನೂ ಕೆಲವು ಉಳಿದಿವೆ. ಮಲೆನಾಡಿನ ತೇವಕ್ಕೆ, ಗೆದ್ದಲಿಗೆ, ಕಾಗದದ ಮೇಲೆ ದಾಕ್ಷಿಣ್ಯವಿಲ್ಲ. ಸಭೆಗಳ ಹಿರಿಯರಲ್ಲಿಯೂ, ಚರಿತ್ರೆ ಓದುವ ತರುಣರಲ್ಲಿಯೂ ನನ್ನದೊಂದು ಪ್ರಾರ್ಥನೆ: ಇನ್ನೊಂದು ಶತಮಾನೋತ್ಸವದ ಸಂಚಿಕೆಗೆ ಮೋಗ್ಲಿಂಗರ ಭಾವಚಿತ್ರವನ್ನು ಮತ್ತೊಮ್ಮೆ ಅಚ್ಚುಹಾಕಿಸುವ ಮೊದಲು ಆ ಪುಸ್ತಕಗಳನ್ನು ಹೊರತೆಗೆದು ಪ್ರತಿಮಾಡಿಸಿರಿ, ಹೆಸರು ಹೆಸರಾಗಿ, ಹಳೆಯ ಹೆಸರು ಬರೆದಿದ್ದರೆ ಅದನ್ನೂ ಸೇರಿಸಿ, ಮನೆಯ ಮುದುಕರು ಬದುಕಿರುವಾಗಲೇ ಅವರನ್ನು ಕೇಳಿ.